ಸೆರೆಮನೆ ಸುಧಾರಣೆ ಮತ್ತು ಪುನರ್ವಸತಿಯಲ್ಲಿ ಸ್ವಾನುಭವ

ಸೆರೆಮನೆ ಸುಧಾರಣೆ ಮತ್ತು ಪುನರ್ವಸತಿಯಲ್ಲಿ ಸ್ವಾನುಭವ ಎಂದರೆ ಸೆರೆವಾಸ, ಬಂಧನ, ವಿಚಾರಣೆ ಅಥವಾ ಭೂಗತ ಜೀವನವನ್ನು ಸ್ವತಃ ಬದುಕಿದವರು ಪಡೆದ ತಿಳಿವಳಿಕೆಯನ್ನು ಬಂದಿಗಳ ನೆರವು, ಕಾನೂನು ಸಹಾಯ, ಶರಣಾಗತಿ ಮತ್ತು ಮರುನೆಲೆಯ ಕೆಲಸಗಳಲ್ಲಿ ಬಳಸಿಕೊಳ್ಳುವ ಕ್ರಮ. ಇಂಥ ಕೆಲಸವನ್ನು ಹೊರಗಿನವರ ದಾನ ಅಥವಾ ಅನುಕಂಪವೆಂದಷ್ಟೇ ನೋಡದೆ, ಅದೇ ದಾರಿಯಲ್ಲಿ ನಡೆದು ಬಂದವರಿಗೆ ಅದರಲ್ಲಿ ಪಾಲು ಇರಬೇಕು ಎಂಬುದು ಈ ಪರಿಕಲ್ಪನೆಯ ತಿರುಳು. ಕರ್ನಾಟಕದಲ್ಲಿ ಇದರ ಗಮನಾರ್ಹ ಉದಾಹರಣೆ ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳು ಹಾಗೂ ಅವುಗಳ ನೆರೆಯ ಮಲೆನಾಡು ಪ್ರದೇಶದ್ದು. ಅಲ್ಲಿ 2014ರಿಂದ 2025ರವರೆಗೆ ಮಾವೋವಾದಿ ಸಶಸ್ತ್ರ ಚಳವಳಿಯಲ್ಲಿದ್ದ ಹಲವರು ಹಂತಹಂತವಾಗಿ ಮುಖ್ಯವಾಹಿನಿಗೆ ಮರಳಿದರು. ಆ ಪ್ರಕ್ರಿಯೆಯಲ್ಲಿ ಸರ್ಕಾರ ಮತ್ತು ಪೊಲೀಸ್ ಇಲಾಖೆಯ ಜೊತೆಗೆ ಸ್ವಾತಂತ್ರ್ಯ ಹೋರಾಟ ಮತ್ತು ತುರ್ತುಪರಿಸ್ಥಿತಿಯಲ್ಲಿ ಜೈಲು ಕಂಡಿದ್ದ ಹಿರಿಯರು, ಪತ್ರಕರ್ತರು ಹಾಗೂ ವಕೀಲರೂ ಪಾಲ್ಗೊಂಡರು.

ಪದ ಮತ್ತು ಪರಿಕಲ್ಪನೆ

ಕನ್ನಡದಲ್ಲಿ ಈ ಪರಿಕಲ್ಪನೆಗೆ ಸ್ವಾನುಭವ, ಬದುಕಿದ ಅನುಭವ, ಅನುಭವಸ್ಥರ ಪಾಲುದಾರಿಕೆ ಮುಂತಾದ ಪದಗಳು ಬಳಕೆಯಲ್ಲಿವೆ. ನೋವನ್ನು ಕಂಡು ಮರುಗುವುದು ಸಹಾನುಭೂತಿ. ನೋವನ್ನು ಉಂಡು ಅರಿಯುವುದು ಸ್ವಾನುಭವ. ದಲಿತ ಮತ್ತು ಬಂಡಾಯ ಸಾಹಿತ್ಯ ಚಳವಳಿಗಳ ಕಾಲದಿಂದ ಕನ್ನಡ ವಿಮರ್ಶೆಯಲ್ಲಿ ಈ ವ್ಯತ್ಯಾಸದ ಚರ್ಚೆ ನಡೆಯುತ್ತ ಬಂದಿದೆ. ಗೋಪಾಲ್ ಗುರು ಮತ್ತು ಬೆಂಗಳೂರಿನ ತತ್ವಶಾಸ್ತ್ರಜ್ಞ ಸುಂದರ್ ಸರುಕ್ಕೈ 2012ರಲ್ಲಿ ಪ್ರಕಟಿಸಿದ ‘ದ ಕ್ರ್ಯಾಕ್ಡ್ ಮಿರರ್’ ಎಂಬ ಇಂಗ್ಲಿಷ್ ಕೃತಿಯು ಅನುಭವ ಮತ್ತು ಸಿದ್ಧಾಂತಗಳ ಸಂಬಂಧವನ್ನು, ಒಬ್ಬರ ಅನುಭವದ ಕುರಿತು ಮತ್ತೊಬ್ಬರು ಸಿದ್ಧಾಂತ ಕಟ್ಟಬಹುದೇ ಎಂಬ ಪ್ರಶ್ನೆಯನ್ನು ವಿಸ್ತಾರವಾಗಿ ಚರ್ಚಿಸಿತು.

ಸೆರೆಮನೆಯ ಸಂದರ್ಭದಲ್ಲಿ ಸ್ವಾನುಭವಕ್ಕೆ ಎರಡು ಬಗೆಯ ಬೆಲೆಯಿದೆ. ಮೊದಲನೆಯದು ಮಾಹಿತಿಯದು. ಸೆರೆಮನೆ ಹೊರಗಿನವರ ಕಣ್ಣಿಗೆ ಬೀಳದ ಸ್ಥಳವಾದ್ದರಿಂದ ಅಲ್ಲಿನ ಊಟ, ನೀರು, ಶೌಚ, ಕಾಯಿಲೆ, ಲಂಚ, ಹೊಡೆತ, ಜಾಮೀನಿನ ವಿಳಂಬ ಮುಂತಾದವುಗಳ ನಿಜಸ್ಥಿತಿ ಒಳಗಿದ್ದವರಿಗೆ ಮಾತ್ರ ಪೂರ್ಣವಾಗಿ ತಿಳಿದಿರುತ್ತದೆ. ಎರಡನೆಯದು ವಿಶ್ವಾಸದ್ದು. ವ್ಯವಸ್ಥೆಯ ಮಾತನ್ನು ನಂಬಲಾಗದ ಸ್ಥಿತಿಯಲ್ಲಿರುವವನು ಅಧಿಕಾರಿಯ ಭರವಸೆಗಿಂತ ತನ್ನಂತೆಯೇ ಇದ್ದು ಹೊರಬಂದವನ ಮಾತಿಗೆ ಕಿವಿಗೊಡುವ ಸಂಭವ ಹೆಚ್ಚು.

ಐತಿಹಾಸಿಕ ಹಿನ್ನೆಲೆ

ಆಧುನಿಕ ಸೆರೆಮನೆ ಸುಧಾರಣೆಯ ಆರಂಭಕಾರರಲ್ಲಿ ಒಬ್ಬರಾದ ಇಂಗ್ಲೆಂಡಿನ ಜಾನ್ ಹೊವಾರ್ಡ್ ಸ್ವತಃ ಸೆರೆಯಲ್ಲಿದ್ದವರು. 1750ರ ದಶಕದಲ್ಲಿ ಲಿಸ್ಬನ್‌ಗೆ ಪ್ರಯಾಣಿಸುತ್ತಿದ್ದಾಗ ಅವರ ಹಡಗನ್ನು ಫ್ರೆಂಚರು ಹಿಡಿದರು. ಅವರನ್ನು ಬ್ರೆಸ್ಟ್ ಪಟ್ಟಣದಲ್ಲಿ ಯುದ್ಧಕೈದಿಯಾಗಿ ಇರಿಸಲಾಗಿತ್ತು. 1773ರಲ್ಲಿ ಬೆಡ್‌ಫರ್ಡ್‌ಷೈರಿನ ಶೆರೀಫರಾದಾಗ, ನಿರ್ದೋಷಿಗಳೆಂದು ಬಿಡುಗಡೆಯಾದವರನ್ನೂ ಜೈಲರನ ಶುಲ್ಕ ಕಟ್ಟಲಾಗದ ಕಾರಣಕ್ಕೆ ಮರಳಿ ಒಳಗೆ ಇಡುತ್ತಿದ್ದುದನ್ನು ಅವರು ಕಂಡರು. ಇಂಗ್ಲೆಂಡಿನ ಜೈಲುಗಳನ್ನು ಸುತ್ತಿ 1777ರಲ್ಲಿ ಅವುಗಳ ಸ್ಥಿತಿಗತಿಯ ವರದಿಯನ್ನು ಪ್ರಕಟಿಸಿದರು. ಅಮೆರಿಕದ ಥಾಮಸ್ ಮಾಟ್ ಆಸ್ಬರ್ನ್ ನ್ಯೂಯಾರ್ಕ್ ರಾಜ್ಯದ ಸೆರೆಮನೆ ಸುಧಾರಣಾ ಆಯೋಗದ ಅಧ್ಯಕ್ಷರಾಗಿದ್ದಾಗ, 1913ರಲ್ಲಿ ಆಬರ್ನ್ ಜೈಲಿನಲ್ಲಿ ಒಂದು ವಾರ ಕೈದಿಯಾಗಿ ವಾಸಿಸಿದರು. ಆ ಬಳಿಕ ಕೈದಿಗಳೇ ನಡೆಸುವ ಪರಸ್ಪರ ಹಿತರಕ್ಷಣಾ ಸಂಘವನ್ನು ಅಲ್ಲಿ ರೂಪಿಸಿದರು.

ಭಾರತದಲ್ಲಿ 1894ರ ಕಾರಾಗೃಹ ಅಧಿನಿಯಮವು ಮುಖ್ಯವಾಗಿ ಶಿಸ್ತು ಮತ್ತು ಕಾವಲನ್ನು ಗುರಿಯಾಗಿಟ್ಟುಕೊಂಡ ವಸಾಹತುಶಾಹಿ ಕಾನೂನು. ಸ್ವಾತಂತ್ರ್ಯ ಹೋರಾಟದಲ್ಲಿ ಸಾವಿರಾರು ವಿದ್ಯಾವಂತರು ಜೈಲು ಸೇರಿದ್ದರಿಂದ ಅಲ್ಲಿನ ಬದುಕು ಮೊದಲ ಬಾರಿಗೆ ದೊಡ್ಡ ಪ್ರಮಾಣದಲ್ಲಿ ಬರಹಕ್ಕೆ ಬಂತು. ಸ್ವಾತಂತ್ರ್ಯಾನಂತರ ಈ ಅನುಭವ ನ್ಯಾಯಪೀಠವನ್ನೂ ತಲುಪಿತು. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ವಕೀಲರಾಗಿದ್ದಾಗ, 1948ರಲ್ಲಿ, ಸುಮಾರು ಒಂದು ತಿಂಗಳು ಸೆರೆಯಲ್ಲಿದ್ದರು. 1957ರಲ್ಲಿ ಕೇರಳದ ಮೊದಲ ಸಚಿವ ಸಂಪುಟದಲ್ಲಿ ಅವರ ಹೊಣೆಗೆ ಬಂದ ಖಾತೆಗಳಲ್ಲಿ ಬಂದೀಖಾನೆಯೂ ಒಂದು. ಸರ್ವೋಚ್ಚ ನ್ಯಾಯಾಲಯದಲ್ಲಿ ಅವರು ಬರೆದ ಸುನಿಲ್ ಬಾತ್ರಾ ಪ್ರಕರಣದ ತೀರ್ಪುಗಳು (1978 ಮತ್ತು 1980) ಬಂದಿಯು ಸೆರೆಮನೆಯ ಬಾಗಿಲಲ್ಲಿ ತನ್ನ ಮೂಲಭೂತ ಹಕ್ಕುಗಳನ್ನು ಕಳೆದುಕೊಳ್ಳುವುದಿಲ್ಲ ಎಂಬ ತತ್ವವನ್ನು ನೆಲೆಗೊಳಿಸಿದವು. ಇವುಗಳಲ್ಲಿ ಎರಡನೆಯದು, ಸಹಕೈದಿಯೊಬ್ಬನಿಗೆ ಆದ ಚಿತ್ರಹಿಂಸೆಯ ಕುರಿತು ಮರಣದಂಡನೆಗೆ ಗುರಿಯಾಗಿದ್ದ ಬಂದಿ ಜೈಲಿನಿಂದ ಬರೆದ ಪತ್ರದಿಂದ ಹುಟ್ಟಿದ್ದು. ನ್ಯಾಯಮೂರ್ತಿ ಎ.ಎನ್. ಮುಲ್ಲಾ ಅಧ್ಯಕ್ಷತೆಯ ಅಖಿಲ ಭಾರತ ಜೈಲು ಸುಧಾರಣಾ ಸಮಿತಿ 1983ರಲ್ಲಿ ವರದಿ ಸಲ್ಲಿಸಿತು.

ಕರ್ನಾಟಕದಲ್ಲಿ

ರಾಮಮೂರ್ತಿ ಪ್ರಕರಣ

ಕರ್ನಾಟಕದ ಸೆರೆಮನೆಯೊಳಗಿನಿಂದ ಬಂದ ಒಂದು ಪತ್ರ ದೇಶದ ಕಾನೂನಿನ ಭಾಗವಾದದ್ದು ‘ರಾಮಮೂರ್ತಿ ವಿರುದ್ಧ ಕರ್ನಾಟಕ ರಾಜ್ಯ’ ಪ್ರಕರಣದಲ್ಲಿ. ಬೆಂಗಳೂರಿನ ಕೇಂದ್ರ ಕಾರಾಗೃಹದ ಬಂದಿಯೊಬ್ಬರು 1984ರಲ್ಲಿ ಅಲ್ಲಿನ ಕುಂದುಕೊರತೆಗಳನ್ನು ವಿವರಿಸಿ ಭಾರತದ ಮುಖ್ಯ ನ್ಯಾಯಮೂರ್ತಿಗಳಿಗೆ ಪತ್ರ ಬರೆದರು. ನ್ಯಾಯಾಲಯವು ಅದನ್ನೇ ಅರ್ಜಿಯೆಂದು ಪರಿಗಣಿಸಿ, ಜಿಲ್ಲಾ ನ್ಯಾಯಾಧೀಶರು ಜೈಲಿಗೆ ಭೇಟಿ ನೀಡಿ ವರದಿ ಸಲ್ಲಿಸುವಂತೆ ಸೂಚಿಸಿತು. 1996ರ ಡಿಸೆಂಬರ್‌ನಲ್ಲಿ ಬಂದ ತೀರ್ಪು ಭಾರತದ ಸೆರೆಮನೆಗಳ ಒಂಬತ್ತು ಸಮಸ್ಯೆಗಳನ್ನು ಗುರುತಿಸಿತು: ಕಿಕ್ಕಿರಿದ ಜನಸಂಖ್ಯೆ, ವಿಚಾರಣೆಯ ವಿಳಂಬ, ಚಿತ್ರಹಿಂಸೆ ಮತ್ತು ದುರ್ವರ್ತನೆ, ಆರೋಗ್ಯ ಮತ್ತು ನೈರ್ಮಲ್ಯದ ಕಡೆಗಣನೆ, ಸಾಲದ ಆಹಾರ ಮತ್ತು ಬಟ್ಟೆ, ಜೈಲಿನೊಳಗಿನ ದುಶ್ಚಟಗಳು, ಹೊರಗಿನವರೊಡನೆ ಸಂಪರ್ಕದ ಕೊರತೆ, ಭೇಟಿಯ ಅವ್ಯವಸ್ಥೆ ಮತ್ತು ಬಯಲು ಬಂದೀಖಾನೆಗಳ ನಿರ್ವಹಣೆ. ಆಯೋಗದ ವರದಿಗಳಿಂದಲ್ಲದೆ ಒಬ್ಬ ಬಂದಿಯ ದೂರಿನಿಂದ ಈ ಪಟ್ಟಿ ಆರಂಭವಾಯಿತು ಎಂಬುದು ಇದರ ವೈಶಿಷ್ಟ್ಯ.

ತುರ್ತುಪರಿಸ್ಥಿತಿಯ ಬಂದಿಗಳು

ತುರ್ತುಪರಿಸ್ಥಿತಿಯ ಕಾಲದಲ್ಲಿ (1975–77) ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ಅನೇಕ ರಾಜಕೀಯ ಬಂದಿಗಳಿದ್ದರು. ಅವರಲ್ಲಿ ಒಬ್ಬರಾದ ರಂಗಭೂಮಿ ಮತ್ತು ಚಲನಚಿತ್ರ ಕಲಾವಿದೆ ಸ್ನೇಹಲತಾ ರೆಡ್ಡಿಯವರು ‘ಸಂಸ್ಕಾರ’ ಚಿತ್ರದ (1970) ನಾಯಕಿ. ಆ ಚಿತ್ರದ ಬಹುಭಾಗ ಚಿತ್ರೀಕರಣಗೊಂಡದ್ದು ಶೃಂಗೇರಿಯ ಸಮೀಪದ ವೈಕುಂಠಪುರದಲ್ಲಿ. 1976ರ ಮೇ ತಿಂಗಳಲ್ಲಿ ಬಂಧಿತರಾದ ಅವರು ತೀವ್ರ ಆಸ್ತಮಾದಿಂದ ಬಳಲುತ್ತಿದ್ದರು. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಅವರು ಜೈಲಿನಲ್ಲಿ ಬರೆದ ದಿನಚರಿ ಮರಣಾನಂತರ ಪ್ರಕಟವಾಯಿತು. ಮಹಿಳಾ ಬಂದಿಗಳ ಸ್ಥಿತಿಯನ್ನು ಒಳಗಿನಿಂದ ದಾಖಲಿಸಿದ ಬರಹವಾಗಿ ಅದು ಉಳಿದಿದೆ. ಆ ಕಾರಾಗೃಹ 2000ದ ಸುಮಾರಿಗೆ ಪರಪ್ಪನ ಅಗ್ರಹಾರಕ್ಕೆ ಸ್ಥಳಾಂತರಗೊಂಡಿತು. ಹಳೆಯ ಜೈಲಿನ ಆವರಣ ಇಂದು ಸ್ವಾತಂತ್ರ್ಯ ಉದ್ಯಾನವಾಗಿದ್ದು, ನಗರದ ಪ್ರತಿಭಟನೆಗಳು ಅಲ್ಲಿ ನಡೆಯುತ್ತವೆ.

ಸ್ವಾತಂತ್ರ್ಯ ಹೋರಾಟಗಾರ ಎಚ್.ಎಸ್. ದೊರೆಸ್ವಾಮಿಯವರು (1918–2021) ಎರಡು ಕಾಲದ ಜೈಲುಗಳನ್ನು ಕಂಡವರು. ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಬ್ರಿಟಿಷ್ ಆಡಳಿತದ ಕಾಲದಲ್ಲಿ 14 ತಿಂಗಳು ಸೆರೆಯಲ್ಲಿದ್ದರು. ತುರ್ತುಪರಿಸ್ಥಿತಿಯಲ್ಲಿ ಸ್ವತಂತ್ರ ಭಾರತದ ಸರ್ಕಾರವೂ ಅವರನ್ನು ಬಂಧಿಸಿತು. ಜೀವನದ ಕೊನೆಯ ದಶಕದಲ್ಲಿ ಅವರು ಮಲೆನಾಡಿನ ಶರಣಾಗತಿ ಪ್ರಕ್ರಿಯೆಯ ಮುಖ್ಯ ಮಧ್ಯಸ್ಥರಲ್ಲಿ ಒಬ್ಬರಾದರು.

ಜೈಲಿನೊಳಗಿನ ರಂಗಭೂಮಿ

ಮೈಸೂರಿನ ರಂಗಾಯಣದ ಕಲಾವಿದರಾಗಿದ್ದ ಹುಲುಗಪ್ಪ ಕಟ್ಟೀಮನಿಯವರು ಕರ್ನಾಟಕದ ಜೈಲುಗಳಲ್ಲಿ ಬಂದಿಗಳಿಗೆ ರಂಗ ತರಬೇತಿ ನೀಡಿ, ಅವರಿಂದಲೇ ನಾಟಕಗಳನ್ನು ಆಡಿಸಿದರು. ಬಂದಿಗಳು ಜೈಲಿನ ಹೊರಗಿನ ರಂಗಮಂದಿರಗಳಲ್ಲೂ ಪ್ರದರ್ಶನ ನೀಡಿದರು. ಹೊರಗಿನವರು ಬಂದಿಗಳಿಗಾಗಿ ಮಾಡುವ ಕಾರ್ಯಕ್ರಮಕ್ಕಿಂತ ಇದು ಭಿನ್ನ. ಇಲ್ಲಿ ಬಂದಿಯೇ ಕಲಾವಿದ, ಪ್ರೇಕ್ಷಕರು ಅವನ ಎದುರು ಕುಳಿತವರು.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ

ಪ್ರದೇಶ ಮತ್ತು ಚಳವಳಿಯ ಹಿನ್ನೆಲೆ

ಈ ಮೂರು ತಾಲ್ಲೂಕುಗಳು ಶೃಂಗೇರಿ ವಿಧಾನಸಭಾ ಕ್ಷೇತ್ರದ ವ್ಯಾಪ್ತಿಯಲ್ಲಿವೆ. ತುಂಗಾ ನದಿಯ ಕಣಿವೆ, ಭದ್ರಾ ಜಲಾಶಯದ ಹಿನ್ನೀರು, ಅಡಿಕೆ ತೋಟ, ಕಾಫಿ ಎಸ್ಟೇಟು ಮತ್ತು ದಟ್ಟ ಕಾಡುಗಳ ನಡುವೆ ಇಲ್ಲಿನ ಮನೆಗಳು ಒಂದಕ್ಕೊಂದು ದೂರವಾಗಿ ಹರಡಿಕೊಂಡಿವೆ. ಶೃಂಗೇರಿ ತಾಲ್ಲೂಕಿನ ಕೆರೆಕಟ್ಟೆ, ನೆಮ್ಮಾರು, ಕಿಗ್ಗ ಭಾಗಗಳು ಮತ್ತು ಕೊಪ್ಪ ತಾಲ್ಲೂಕಿನ ಮೇಗುಂದ ಹೋಬಳಿಯ ಕಾಡಂಚಿನ ಹಳ್ಳಿಗಳು ನಕ್ಸಲ್ ಚಟುವಟಿಕೆಯ ಕೇಂದ್ರಗಳಾಗಿದ್ದವು. ನರಸಿಂಹರಾಜಪುರ ತಾಲ್ಲೂಕಿನಲ್ಲಿ ಸಶಸ್ತ್ರ ಘಟನೆಗಳು ಕಡಿಮೆ. ಆದರೆ ಭೂಮಿ, ಮುಳುಗಡೆ ಮತ್ತು ತೋಟದ ಕೂಲಿಯ ಪ್ರಶ್ನೆಗಳು ಅಲ್ಲಿಯೂ ಇದ್ದವು.

ಕುದುರೆಮುಖ ರಾಷ್ಟ್ರೀಯ ಉದ್ಯಾನದ ಘೋಷಣೆಯಿಂದ ಗೌಡಲು, ಮಲೆಕುಡಿಯ ಮೊದಲಾದ ಅರಣ್ಯವಾಸಿ ಸಮುದಾಯಗಳಲ್ಲಿ ಒಕ್ಕಲೆಬ್ಬಿಸುವ ಭೀತಿ ಮೂಡಿತು. ಇದರ ವಿರುದ್ಧ ನಡೆದ ಪ್ರಜಾಸತ್ತಾತ್ಮಕ ಹೋರಾಟದಿಂದಲೇ ಕೆಲವು ಯುವಕ ಯುವತಿಯರು ಸಶಸ್ತ್ರ ಚಳವಳಿಯ ಕಡೆಗೆ ಹೊರಳಿದರು. 2003ರ ನವೆಂಬರ್‌ನಲ್ಲಿ ಕಾರ್ಕಳ ತಾಲ್ಲೂಕಿನ ಈದುವಿನಲ್ಲಿ ಇಬ್ಬರು ಯುವತಿಯರು ಪೊಲೀಸರ ಗುಂಡಿಗೆ ಬಲಿಯಾದರು. 2005ರ ಫೆಬ್ರುವರಿ 6ರಂದು ಚಿಕ್ಕಮಗಳೂರು ಜಿಲ್ಲೆಯ ಬಲಿಗೆಯಲ್ಲಿ ಚಳವಳಿಯ ನಾಯಕ ಸಾಕೇತ್ ರಾಜನ್ ಹತರಾದರು. ಇದಾದ ಕೆಲವೇ ದಿನಗಳಲ್ಲಿ ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯಲ್ಲಿ ನಕ್ಸಲರು ಮೀಸಲು ಪೊಲೀಸ್ ಪಡೆಯ ತಂಗುದಾಣದ ಮೇಲೆ ದಾಳಿ ಮಾಡಿ ಸಿಬ್ಬಂದಿಯನ್ನು ಕೊಂದರು. 2007ರ ಜುಲೈನಲ್ಲಿ ಕೊಪ್ಪ ತಾಲ್ಲೂಕಿನ ಮೆಣಸಿನಹಾಡ್ಯದಲ್ಲಿ ನಡೆದ ಗುಂಡಿನ ಚಕಮಕಿಯಲ್ಲಿ ಐವರು ಸತ್ತರು. ಪೊಲೀಸ್ ಮಾಹಿತಿದಾರರೆಂಬ ಶಂಕೆಯ ಮೇಲೆ ಗ್ರಾಮಸ್ಥರನ್ನು ನಕ್ಸಲರು ಕೊಂದ ಘಟನೆಗಳೂ ಮಲೆನಾಡಿನಲ್ಲಿ ನಡೆದವು. ಎರಡೂ ಕಡೆಯ ಅನುಮಾನದ ನಡುವೆ ಸಿಕ್ಕಿಕೊಂಡದ್ದು ಕಾಡಂಚಿನ ಮನೆಗಳು: ರಾತ್ರಿ ಬಂದವರಿಗೆ ಅನ್ನ ಬಡಿಸಿದರೆ ಒಂದು ಕಷ್ಟ, ಬಡಿಸದಿದ್ದರೆ ಇನ್ನೊಂದು.

ಶಾಂತಿಗಾಗಿ ನಾಗರಿಕ ವೇದಿಕೆ

ಪತ್ರಕರ್ತೆ ಗೌರಿ ಲಂಕೇಶ್ 2004ರಲ್ಲಿ ಮಲೆನಾಡಿನ ಕಾಡಿನಲ್ಲಿ ಇತರ ಪತ್ರಕರ್ತರೊಡನೆ ಸಾಕೇತ್ ರಾಜನ್ ಅವರನ್ನು ಭೇಟಿಯಾಗಿದ್ದರು. ಸರ್ಕಾರ ಮತ್ತು ನಕ್ಸಲರ ನಡುವೆ ಮಾತುಕತೆಗೆ ದಾರಿ ಮಾಡುವ ಉದ್ದೇಶದಿಂದ ರೂಪುಗೊಂಡ ಶಾಂತಿಗಾಗಿ ನಾಗರಿಕ ವೇದಿಕೆಯಲ್ಲಿ ಅವರು ಸಕ್ರಿಯರಾಗಿದ್ದರು. ಎಚ್.ಎಸ್. ದೊರೆಸ್ವಾಮಿ ಮತ್ತು ಹಿರಿಯ ವಕೀಲ ಎ.ಕೆ. ಸುಬ್ಬಯ್ಯ ಅವರೊಂದಿಗೆ ಕೈಜೋಡಿಸಿದರು. ಈ ಗುಂಪಿನ ನಿಲುವು ಸಶಸ್ತ್ರ ಹೋರಾಟದ ಸಮರ್ಥನೆಯಾಗಿರಲಿಲ್ಲ. ಬಂದೂಕು ಕೆಳಗಿಡುವವರಿಗೆ ಜೀವಭಯವಿಲ್ಲದೆ ಹೊರಬರುವ ದಾರಿ, ನ್ಯಾಯಾಲಯದಲ್ಲಿ ಪ್ರಕರಣಗಳನ್ನು ಎದುರಿಸುವ ಅವಕಾಶ ಮತ್ತು ಪ್ರಜಾಸತ್ತಾತ್ಮಕವಾಗಿ ಹೋರಾಡುವ ಸ್ವಾತಂತ್ರ್ಯ ಇರಬೇಕೆಂಬುದು ಅದರ ಬೇಡಿಕೆಯಾಗಿತ್ತು.

2014ರ ಶರಣಾಗತಿ

2014ರ ಡಿಸೆಂಬರ್‌ನಲ್ಲಿ ಸಿರಿಮನೆ ನಾಗರಾಜ್ ಮತ್ತು ನೂರ್ ಜುಲ್ಫಿಕರ್ (ನೂರ್ ಶ್ರೀಧರ್) ಚಿಕ್ಕಮಗಳೂರಿನಲ್ಲಿ ಜಿಲ್ಲಾಡಳಿತದ ಎದುರು ಹಾಜರಾದರು. ದೊರೆಸ್ವಾಮಿ, ಗೌರಿ ಲಂಕೇಶ್ ಮತ್ತು ಸುಬ್ಬಯ್ಯ ಜೊತೆಗಿದ್ದರು. ಸಿರಿಮನೆ ನಾಗರಾಜ್ ಶೃಂಗೇರಿ ತಾಲ್ಲೂಕಿನವರು. ಕರ್ನಾಟಕದ ಪರಿಸ್ಥಿತಿಯಲ್ಲಿ ಸಶಸ್ತ್ರ ಮಾರ್ಗ ಸರಿಯಲ್ಲ ಎಂಬ ಭಿನ್ನಾಭಿಪ್ರಾಯದಿಂದ ಇಬ್ಬರೂ ಹಲವು ವರ್ಷಗಳ ಮೊದಲೇ ಮಾವೋವಾದಿ ಪಕ್ಷವನ್ನು ತೊರೆದು ಭೂಗತರಾಗಿಯೇ ಉಳಿದಿದ್ದರು.

ಈ ಘಟನೆಯ ಮಹತ್ವ ಅದರ ನಂತರದ ವರ್ಷಗಳಲ್ಲಿ ಕಾಣುತ್ತದೆ. ಇಬ್ಬರೂ ಸಾರ್ವಜನಿಕ ಜೀವನದಲ್ಲಿ ಮುಂದುವರಿದು, ದೊರೆಸ್ವಾಮಿಯವರೊಡನೆ ಭೂಮಿ ಮತ್ತು ವಸತಿ ಹಕ್ಕು ವಂಚಿತರ ಹೋರಾಟದಲ್ಲಿ ತೊಡಗಿದರು. ಕೊಡಗಿನ ದಿಡ್ಡಳ್ಳಿಯಲ್ಲಿ 2016ರ ಕೊನೆಯಲ್ಲಿ ಆದಿವಾಸಿ ಕುಟುಂಬಗಳ ಗುಡಿಸಲುಗಳನ್ನು ತೆರವುಗೊಳಿಸಿದಾಗ ನಡೆದ ಚಳವಳಿಯಲ್ಲೂ ಭಾಗಿಯಾದರು. ಹೀಗೆ ಹೊರಬಂದವರು ಮೂಲೆಗುಂಪಾಗದೆ, ಅದೇ ಭೂಮಿಯ ಪ್ರಶ್ನೆಯನ್ನು ಕಾನೂನಿನ ಚೌಕಟ್ಟಿನಲ್ಲಿ ಎತ್ತಬಹುದು ಎಂಬುದಕ್ಕೆ ಒಂದು ಉದಾಹರಣೆ ಸಿಕ್ಕಿತು. 2016 ಮತ್ತು 2017ರಲ್ಲಿ ಇನ್ನೂ ಕೆಲವರು ಚಿಕ್ಕಮಗಳೂರಿನಲ್ಲಿ ಶರಣಾದರು. 2017ರ ಸೆಪ್ಟೆಂಬರ್ 5ರಂದು ಗೌರಿ ಲಂಕೇಶ್ ಹತ್ಯೆಗೀಡಾದರು. ಸುಬ್ಬಯ್ಯ 2019ರಲ್ಲಿ, ದೊರೆಸ್ವಾಮಿ 2021ರಲ್ಲಿ ನಿಧನರಾದರು.

2024–25ರ ಘಟನೆಗಳು

2024ರ ನವೆಂಬರ್ 18ರಂದು ಹೆಬ್ರಿ ತಾಲ್ಲೂಕಿನ ಕಬ್ಬಿನಾಲೆ ಸಮೀಪದ ಪೀತಬೈಲಿನಲ್ಲಿ ನಕ್ಸಲ್ ನಿಗ್ರಹ ಪಡೆಯ ಗುಂಡಿಗೆ ವಿಕ್ರಂ ಗೌಡ ಬಲಿಯಾದರು. ಈ ಸಾವಿನ ಬಳಿಕ ಉಳಿದವರನ್ನು ಜೀವಂತವಾಗಿ ಹೊರತರುವ ಪ್ರಯತ್ನ ಚುರುಕಾಯಿತು. ರಾಜ್ಯ ಸರ್ಕಾರದ ನಕ್ಸಲ್ ಶರಣಾಗತಿ ಮತ್ತು ಪುನರ್ವಸತಿ ಸಮಿತಿಯಲ್ಲಿದ್ದ ಲೇಖಕ ಬಂಜಗೆರೆ ಜಯಪ್ರಕಾಶ್, ವಕೀಲ ಕೆ.ಪಿ. ಶ್ರೀಪಾಲ್ ಮತ್ತು ಪತ್ರಕರ್ತ ಪಾರ್ವತೀಶ್ ಹಾಗೂ ಶಾಂತಿಗಾಗಿ ನಾಗರಿಕ ವೇದಿಕೆಯ ಸದಸ್ಯರು ಸಂಪರ್ಕ ಸಾಧಿಸಿದರು.

2025ರ ಜನವರಿ 8ರಂದು ಮುಂಡಗಾರು ಲತಾ, ಸುಂದರಿ ಕುತ್ಲೂರು, ವನಜಾಕ್ಷಿ ಬಾಳೆಹೊಳೆ, ಮಾರೆಪ್ಪ ಅರೋಲಿ, ಕೆ. ವಸಂತ ಮತ್ತು ಟಿ.ಎನ್. ಜೀಶಾ ಎಂಬ ಆರು ಮಂದಿ ಬೆಂಗಳೂರಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಎದುರು ಶರಣಾದರು. ಕಾರ್ಯಕ್ರಮವನ್ನು ಮೊದಲು ಚಿಕ್ಕಮಗಳೂರಿನಲ್ಲಿ ನಡೆಸಲು ಉದ್ದೇಶಿಸಲಾಗಿತ್ತು. ಆರು ಮಂದಿಯಲ್ಲಿ ಮುಂಡಗಾರು ಲತಾ ಶೃಂಗೇರಿ ತಾಲ್ಲೂಕಿನವರು. ವಸಂತ ತಮಿಳುನಾಡಿನವರು, ಜೀಶಾ ಕೇರಳದವರು. ಅವರು ಕಾಡಿನಲ್ಲಿ ಬಿಟ್ಟುಬಂದಿದ್ದ ಒಂದು ಎಕೆ–56 ಸೇರಿದಂತೆ ಬಂದೂಕುಗಳು ಮುಂದಿನ ದಿನಗಳಲ್ಲಿ ಕೊಪ್ಪ ತಾಲ್ಲೂಕಿನ ಮೇಗೂರು ಅರಣ್ಯದಲ್ಲಿ ಪೊಲೀಸರಿಗೆ ದೊರೆತವು. ಫೆಬ್ರುವರಿ 1ರಂದು ಶೃಂಗೇರಿ ತಾಲ್ಲೂಕಿನ ಕಿಗ್ಗ ಭಾಗದ ಕೋಟೆಹೊಂಡ ರವೀಂದ್ರ ಚಿಕ್ಕಮಗಳೂರಿನಲ್ಲಿ, ಮರುದಿನ ಕುಂದಾಪುರ ಕಡೆಯ ತೊಂಬಟ್ಟು ಲಕ್ಷ್ಮಿ ಉಡುಪಿಯಲ್ಲಿ ಶರಣಾದರು. ಲಕ್ಷ್ಮಿಯವರ ಪತಿ ಅದಕ್ಕೂ ಹಿಂದೆ ಆಂಧ್ರಪ್ರದೇಶದಲ್ಲಿ ಶರಣಾಗಿದ್ದವರು. ಇದರೊಂದಿಗೆ ಕರ್ನಾಟಕವು ನಕ್ಸಲ್ ಮುಕ್ತವಾಯಿತೆಂದು ರಾಜ್ಯ ಸರ್ಕಾರ ಪ್ರಕಟಿಸಿತು.

ಶರಣಾಗತಿಯ ನಂತರದ ಕಾನೂನು ಸ್ಥಿತಿ

ಶರಣಾಗತಿ ಎಂದರೆ ಬಿಡುಗಡೆಯಲ್ಲ. 2025ರ ಜನವರಿಯಲ್ಲಿ ಶರಣಾದ ಆರು ಮಂದಿಯನ್ನು ನ್ಯಾಯಾಲಯಕ್ಕೆ ಹಾಜರುಪಡಿಸಿದ ಬಳಿಕ ನ್ಯಾಯಾಂಗ ಬಂಧನದಲ್ಲಿ ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹಕ್ಕೆ ಕಳುಹಿಸಲಾಯಿತು. ರಾಜ್ಯದ ಪುನರ್ವಸತಿ ಯೋಜನೆಯಂತೆ ‘ಎ’ ವರ್ಗದವರಿಗೆ 7.5 ಲಕ್ಷ ರೂಪಾಯಿ, ಹೊರರಾಜ್ಯದವರ ‘ಬಿ’ ವರ್ಗಕ್ಕೆ 4 ಲಕ್ಷ ರೂಪಾಯಿಗಳ ನೆರವನ್ನು ಕಂತುಗಳಲ್ಲಿ ನೀಡಲು ಅವಕಾಶವಿದೆ. ಹಣದ ನೆರವು ಸಿಕ್ಕರೂ ಪ್ರಕರಣಗಳ ಹೊರೆ ಹಾಗೆಯೇ ಉಳಿಯುತ್ತದೆ.

ಒಬ್ಬರ ಮೇಲೆ ಬೇರೆ ಬೇರೆ ಠಾಣೆ, ಜಿಲ್ಲೆ ಮತ್ತು ರಾಜ್ಯಗಳಲ್ಲಿ ಪ್ರಕರಣಗಳಿದ್ದರೆ ಒಂದರಲ್ಲಿ ಜಾಮೀನು ದೊರೆತರೂ ಇನ್ನೊಂದರ ಬಾಡಿ ವಾರಂಟಿನ ಮೇಲೆ ಸೆರೆವಾಸ ಮುಂದುವರಿಯುತ್ತದೆ. ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯ್ದೆಯ 43ಡಿ(5) ವಿಧಿ ಜಾಮೀನನ್ನು ಕಠಿಣಗೊಳಿಸುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಸೆಕ್ಷನ್, ಗರಿಷ್ಠ ಶಿಕ್ಷೆಯ ಅರ್ಧ ಅವಧಿಯನ್ನು (ಮೊದಲ ಬಾರಿಯ ಆರೋಪಿಯಾದರೆ ಮೂರನೇ ಒಂದು ಅವಧಿಯನ್ನು) ಒಳಗೆ ಕಳೆದ ವಿಚಾರಣಾಧೀನ ಬಂದಿಯ ಬಿಡುಗಡೆಗೆ ಅವಕಾಶ ನೀಡುತ್ತದೆ. ಆದರೆ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಗೆ ಗುರಿಯಾಗಬಲ್ಲ ಅಪರಾಧಗಳಿಗೆ ಅದು ಅನ್ವಯಿಸದು. ಒಂದಕ್ಕಿಂತ ಹೆಚ್ಚು ಪ್ರಕರಣಗಳು ಬಾಕಿಯಿದ್ದರೂ ಅದರ ಲಾಭ ಸಿಗದು. ಹೀಗಾಗಿ ಶರಣಾದವರಿಗೆ ಈ ಸೌಲಭ್ಯ ಬಹುಮಟ್ಟಿಗೆ ಎಟುಕುವುದಿಲ್ಲ. ಪ್ರಕರಣಗಳನ್ನು ಒಂದೆಡೆ ಸೇರಿಸಿ ತ್ವರಿತವಾಗಿ ವಿಚಾರಣೆ ನಡೆಸಬೇಕೆಂಬ ಬೇಡಿಕೆಗೆ ಕಾರಣ ಇದೇ.

ವಿಚಾರಣೆಯ ವಿಳಂಬ ಶರಣಾದವರ ಸಮಸ್ಯೆ ಮಾತ್ರವಲ್ಲ. ರಾಷ್ಟ್ರೀಯ ಅಪರಾಧ ದಾಖಲೆ ಸಂಸ್ಥೆಯ ಪ್ರಕಾರ 2022ರ ಕೊನೆಯಲ್ಲಿ ಭಾರತದ ಬಂದಿಗಳಲ್ಲಿ ಸುಮಾರು 76 ಪ್ರತಿಶತ ಮಂದಿ ವಿಚಾರಣಾಧೀನರು. ಕುದುರೆಮುಖದ ಪಶ್ಚಿಮ ತಪ್ಪಲಿನ, ಬೆಳ್ತಂಗಡಿ ತಾಲ್ಲೂಕಿನ ಕುತ್ಲೂರಿನ ವಿಠ್ಠಲ ಮಲೆಕುಡಿಯ ಪತ್ರಿಕೋದ್ಯಮ ವಿದ್ಯಾರ್ಥಿಯಾಗಿದ್ದಾಗ, 2012ರ ಮಾರ್ಚ್‌ನಲ್ಲಿ, ತಂದೆಯೊಡನೆ ನಕ್ಸಲ್ ನಂಟಿನ ಆರೋಪದಡಿ ಬಂಧಿತರಾದರು. ಮಂಗಳೂರಿನ ನ್ಯಾಯಾಲಯ ಇಬ್ಬರನ್ನೂ ಖುಲಾಸೆಗೊಳಿಸಿದ್ದು 2021ರ ಅಕ್ಟೋಬರ್‌ನಲ್ಲಿ. ಈ ನಡುವೆ ವಿಠ್ಠಲ ವ್ಯಾಸಂಗ ಮುಗಿಸಿ ಪತ್ರಕರ್ತರಾಗಿದ್ದರು.

ಅನುಭವಸ್ಥರ ಕೆಲಸದ ಬಗೆಗಳು

ಸೆರೆವಾಸ ಅಥವಾ ಶರಣಾಗತಿಯ ಅನುಭವವುಳ್ಳವರು ನೆರವಿನ ಕೆಲಸದಲ್ಲಿ ವಹಿಸಬಲ್ಲ ಪಾತ್ರಗಳನ್ನು ಹೀಗೆ ಗುರುತಿಸಬಹುದು.

ಮಧ್ಯಸ್ಥಿಕೆ: ಶರಣಾಗುವವರಿಗೆ ಮೊದಲ ಭಯ ದಾರಿಯದು. ಕಾಡಿನಿಂದ ಕಚೇರಿಯವರೆಗಿನ ಹಾದಿಯಲ್ಲಿ ಜೀವಕ್ಕೆ ಅಪಾಯವಿಲ್ಲವೆಂಬ ಖಾತರಿಯನ್ನು ಕಾಗದದ ಆದೇಶ ಕೊಡಲಾರದು. ಜೊತೆಗೆ ನಡೆದುಬರುವ ಮನುಷ್ಯರು ಕೊಡಬಲ್ಲರು.

ಕಾನೂನು ನೆರವು: 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದ 12ನೇ ಸೆಕ್ಷನ್ ಪ್ರಕಾರ ಬಂಧನದಲ್ಲಿರುವ ವ್ಯಕ್ತಿಗೆ ಆದಾಯವನ್ನು ಲೆಕ್ಕಿಸದೆ ಉಚಿತ ಕಾನೂನು ನೆರವಿನ ಹಕ್ಕಿದೆ. ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ ಅರೆ ಕಾನೂನು ಸ್ವಯಂಸೇವಕರ ಯೋಜನೆಯಲ್ಲಿ, ದೀರ್ಘಾವಧಿ ಶಿಕ್ಷೆ ಅನುಭವಿಸುತ್ತಿರುವ, ಓದುಬರಹ ಬಲ್ಲ, ಸನ್ನಡತೆಯ ಬಂದಿಗಳಿಗೂ ತರಬೇತಿ ನೀಡಿ ಸಹಬಂದಿಗಳ ಅರ್ಜಿ, ಮೇಲ್ಮನವಿ ಮುಂತಾದವುಗಳಿಗೆ ನೆರವಾಗಲು ನಿಯೋಜಿಸಬಹುದು. ಸ್ವಾನುಭವದ ಬೆಲೆಯನ್ನು ಸರ್ಕಾರಿ ವ್ಯವಸ್ಥೆಯೇ ಒಪ್ಪಿಕೊಂಡಿರುವ ಸ್ಪಷ್ಟ ನಿದರ್ಶನ ಇದು.

ಜಾಮೀನುದಾರರ ಹುಡುಕಾಟ: ಜಾಮೀನು ಮಂಜೂರಾದರೂ ಜಮೀನಿನ ಪಹಣಿ ಹಿಡಿದು ನ್ಯಾಯಾಲಯಕ್ಕೆ ಬರುವ ಜಾಮೀನುದಾರ ಸಿಗದೆ ಒಳಗೇ ಉಳಿಯುವವರಿದ್ದಾರೆ. ಹಕ್ಕುಪತ್ರವಿಲ್ಲದ ಅರಣ್ಯವಾಸಿ ಕುಟುಂಬಗಳಲ್ಲಿ ಈ ತೊಡಕು ಹೆಚ್ಚು. ಮಳೆಗಾಲದಲ್ಲಿ ಕಾಡಂಚಿನ ಊರಿನಿಂದ ನ್ಯಾಯಾಲಯಕ್ಕೆ ಹೋಗಿಬರಲು ಒಂದು ದಿನದ ಕೂಲಿ ಮತ್ತು ಬಸ್ಸಿನ ಖರ್ಚು ತಗಲುತ್ತದೆ. ಒಮ್ಮೆ ವಾಯಿದೆ ತಪ್ಪಿದರೆ ವಾರಂಟು ಹೊರಡಬಹುದು. ಇಂಥ ಸಣ್ಣವೆಂದು ಕಾಣುವ ಸಂಗತಿಗಳೇ ಬಿಡುಗಡೆಯನ್ನು ತಡೆಯುತ್ತವೆ ಎಂಬುದು ಅವನ್ನು ಎದುರಿಸಿದವರಿಗೆ ಗೊತ್ತು.

ಊರಿಗೆ ಮರಳುವಿಕೆ: ಹತ್ತಿಪ್ಪತ್ತು ವರ್ಷಗಳ ಬಳಿಕ ಬಂದವರಿಗೆ ಪಡಿತರ ಚೀಟಿ, ಆಧಾರ್, ಬ್ಯಾಂಕ್ ಖಾತೆ, ಮತದಾರರ ಗುರುತಿನ ಚೀಟಿಗಳಿಂದ ಹಿಡಿದು ಮನೆಯವರ ಹಾಗೂ ನೆರೆಯವರ ನಂಬಿಕೆಯವರೆಗೆ ಎಲ್ಲವನ್ನೂ ಹೊಸದಾಗಿ ಕಟ್ಟಿಕೊಳ್ಳಬೇಕಾಗುತ್ತದೆ. ಈ ಹಂತದಲ್ಲಿ ಮೊದಲು ಮರಳಿದವರ ಸಲಹೆ ಉಪಯುಕ್ತ.

ಮಿತಿಗಳು ಮತ್ತು ಟೀಕೆ

ಸ್ವಾನುಭವವನ್ನು ಅರ್ಹತೆಯ ಏಕೈಕ ಮಾನದಂಡವಾಗಿಸುವುದಕ್ಕೆ ಆಕ್ಷೇಪಗಳಿವೆ. ಒಬ್ಬರ ಅನುಭವ ಎಲ್ಲರ ಅನುಭವವಾಗದು. ಸ್ವಾತಂತ್ರ್ಯ ಹೋರಾಟಗಾರನ ಸೆರೆವಾಸಕ್ಕೆ ಸಮಾಜ ಹಾರ ಹಾಕಿತು. ಕಳವಿನ ಆರೋಪಿಯ ಸೆರೆವಾಸಕ್ಕೆ ಹಾಕುವುದಿಲ್ಲ. ರಾಜಕೀಯ ಬಂದಿಗೆ ಸಿಗುವ ವಕೀಲರು, ಪತ್ರಿಕೆಗಳು ಮತ್ತು ಬೆಂಬಲಿಗರು ಸಾಮಾನ್ಯ ವಿಚಾರಣಾಧೀನ ಬಂದಿಗೆ ಇರುವುದಿಲ್ಲ. ಜೈಲಿನ ಬಗೆಗಿನ ಪ್ರಸಿದ್ಧ ಬರಹಗಳಲ್ಲಿ ಹೆಚ್ಚಿನವು ಮೊದಲ ವರ್ಗದವರವು.

ಎರಡನೆಯ ಆಕ್ಷೇಪ ಸಂತ್ರಸ್ತರ ಕಡೆಯಿಂದ ಬರುತ್ತದೆ. ನಕ್ಸಲ್ ಹಿಂಸೆಯಲ್ಲಿ ಸತ್ತ ಪೊಲೀಸ್ ಸಿಬ್ಬಂದಿ ಮತ್ತು ಗ್ರಾಮಸ್ಥರ ಕುಟುಂಬಗಳದೂ ಬದುಕಿದ ಅನುಭವವೇ. ಪುನರ್ವಸತಿಯ ಚರ್ಚೆಯಲ್ಲಿ ಶರಣಾದವರ ಮಾತಿಗೆ ಸ್ಥಳವಿದ್ದು ಈ ಕುಟುಂಬಗಳ ಮಾತಿಗೆ ಇಲ್ಲದಿದ್ದರೆ ಸ್ವಾನುಭವದ ತತ್ವವೇ ಅಪೂರ್ಣವಾಗುತ್ತದೆ. ಬಂದೂಕು ಹಿಡಿದವರಿಗೆ ಪ್ಯಾಕೇಜ್ ದೊರೆಯುವಾಗ ಅದೇ ಊರಿನಲ್ಲಿ ಶಾಂತಿಯುತವಾಗಿ ಹಕ್ಕುಪತ್ರಕ್ಕೆ ಅರ್ಜಿ ಹಾಕಿ ಕಾದವರಿಗೆ ಏನು ದೊರೆಯಿತು ಎಂಬ ಪ್ರಶ್ನೆಯೂ ಇದೆ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಅರ್ಜಿಗಳ ಇತ್ಯರ್ಥ ಮಲೆನಾಡಿನಲ್ಲಿ ಇಂದಿಗೂ ಚರ್ಚೆಯ ವಿಷಯ.

ಮೂರನೆಯದು ಅನುಭವಸ್ಥರ ಮೇಲೆ ಬೀಳುವ ಹೊರೆ. ವೇದಿಕೆಯಿಂದ ವೇದಿಕೆಗೆ ಕರೆದು ಹಳೆಯ ನೋವನ್ನು ಹೇಳಿಸಿ, ನೀತಿ ರೂಪಿಸುವ ಸಭೆಯಿಂದ ಹೊರಗಿಟ್ಟರೆ ಅದು ಪಾಲುದಾರಿಕೆಯಾಗದು, ಪ್ರದರ್ಶನವಾಗುತ್ತದೆ. ಸಂಬಳ, ಅಧಿಕಾರ ಮತ್ತು ಹೊಣೆ ಮೂರೂ ಇಲ್ಲದ ಪಾತ್ರ ಹೆಚ್ಚು ದಿನ ನಿಲ್ಲದು.

ಈ ಆಕ್ಷೇಪಗಳ ನಡುವೆಯೂ ಮಲೆನಾಡಿನ ಉದಾಹರಣೆ ಒಂದು ಅಂಶವನ್ನು ಸ್ಪಷ್ಟಪಡಿಸುತ್ತದೆ. ಆರ್ಥಿಕ ನೆರವಿನ ಯೋಜನೆಯಾಗಲಿ, ಪೊಲೀಸ್ ಕಾರ್ಯಾಚರಣೆಯಾಗಲಿ ತಾವಾಗಿಯೇ ವಿಶ್ವಾಸವನ್ನು ಹುಟ್ಟಿಸುವುದಿಲ್ಲ. 2014ರಲ್ಲಿ ಹೊರಬಂದವರು ಮುಂದಿನ ವರ್ಷಗಳಲ್ಲಿ ಸಾರ್ವಜನಿಕವಾಗಿ ಬದುಕಿದ್ದು ಅನಂತರದವರ ಕಣ್ಣೆದುರಿಗಿತ್ತು. ಅದೇ ರೀತಿ 2025ರಲ್ಲಿ ಹೊರಬಂದವರ ಪ್ರಕರಣಗಳು ಹೇಗೆ ಮುಗಿಯುತ್ತವೆ, ಅವರು ಎಷ್ಟು ಕಾಲ ವಿಚಾರಣಾಧೀನರಾಗಿ ಉಳಿಯುತ್ತಾರೆ ಎಂಬುದು ಕರ್ನಾಟಕದ ಪುನರ್ವಸತಿ ನೀತಿಯ ಬಗ್ಗೆ ದೇಶದ ಇತರೆಡೆ ಇರುವ ನಂಬಿಕೆಯನ್ನು ನಿರ್ಧರಿಸುವ ಅಂಶವಾಗಿದೆ.

ಇವನ್ನೂ ನೋಡಿ

ಕುದುರೆಮುಖ ರಾಷ್ಟ್ರೀಯ ಉದ್ಯಾನ
ಎಚ್.ಎಸ್. ದೊರೆಸ್ವಾಮಿ
ಗೌರಿ ಲಂಕೇಶ್
ಸ್ನೇಹಲತಾ ರೆಡ್ಡಿ
ವಿ.ಆರ್. ಕೃಷ್ಣ ಅಯ್ಯರ್
ಪರಪ್ಪನ ಅಗ್ರಹಾರ ಕೇಂದ್ರ ಕಾರಾಗೃಹ
ಶೃಂಗೇರಿ ವಿಧಾನಸಭಾ ಕ್ಷೇತ್ರ